ಲಂಡನ್ನಲ್ಲಿ ಮೊದಲ ದಿನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಮ್ಮ ಕಾಲೇಜಿಂದ 18 ಜನ ಸ್ಟೂಡೆಂಟ್ಸು, ಇಬ್ಬರು ಲೆಕ್ಚರರ್ಸು ಅಕ್ಟೋಬರ್ ಮೊದಲ ವಾರ ಲಂಡನ್ನಿಗೆ ಹೊರಟಿದೀವಿ. ಬೆಳಿಗ್ಗೆ 7ಕ್ಕೆ ಹೀಥ್ರೋದಲ್ಲಿ ಇಳೀತೀವಿ. ಅವತ್ತೇ ಟವರ್ ಆಫ್ ಲಂಡನ್, ಲಂಡನ್ ಐ, ಮೇಡಮ್ ಟುಸಾಡ್ಸ್, ಬಕಿಂಗ್‌ಹ್ಯಾಮ್ ಅರಮನೆ ಎಲ್ಲ ಮುಗಿಸೋ ಪ್ಲಾನು. ಆಗತ್ತಾ?
- ಒಬ್ಬ ವಿದ್ಯಾರ್ಥಿನಿ, ಹಾಸನ

ಉತ್ತರ: ಆಗಲ್ಲಮ್ಮ. ಈ ಪ್ಲಾನ್ ಹಾಕಿದೋರು ಯಾರೋ ಗೊತ್ತಿಲ್ಲ, ಮ್ಯಾಪಂತೂ ನೋಡಿಲ್ಲ. ಟವರ್ ಒಂದು ಮೂಲೆ, ಟುಸಾಡ್ಸ್ ಇನ್ನೊಂದು ಮೂಲೆ, ಟವರ್ ಒಂದಕ್ಕೇ ಅರ್ಧ ದಿನ ಬೇಕು. ಇಮಿಗ್ರೇಷನ್ ಕ್ಯೂ ದಾಟಿ, 20 ಜನರ ಬ್ಯಾಗು ಬಂದು, ಹಾಸ್ಟೆಲ್ ಸೇರೋ ಹೊತ್ತಿಗೆ 11 ಆಗಿರತ್ತೆ, ರೂಮು ಕೊಡೋದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೇನೇ, ಅದಕ್ಕೆ ಲಗೇಜ್ ಅಲ್ಲೇ ಇಟ್ಟು ಹೊರಡಿ. ಅಕ್ಟೋಬರ್ ಮೊದಲ ವಾರ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಅಂದ್ರೆ ಸಂಜೆ 5ಕ್ಕೆ ನಿಮ್ಮ ಮೈಗೆ ರಾತ್ರಿ ಒಂಬತ್ತೂವರೆ. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಲಂಡನ್ ಐ ಒಳಗೆ ತೂಕಡಿಸೋದು ಯಾಕೆ?

ಮೊದಲ ದಿನ ಬರೀ ನಡೀರಿ. ವಾಕ್ಸ್‌ಹಾಲ್ ಸ್ಟೇಷನ್ನಲ್ಲಿ ಇಳಿದು ಥೇಮ್ಸ್ ನದೀನ ಎಡಗಡೆ ಇಟ್ಕೊಂಡು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ ಹೋದ್ರೆ ಲ್ಯಾಂಬೆತ್ ಸೇತುವೆ ಹತ್ರ ನಮ್ಮ ಬಸವಣ್ಣ ಸಿಗ್ತಾರೆ. ಲಂಡನ್ನಿನ ಈ ಲ್ಯಾಂಬೆತ್ ಭಾಗಕ್ಕೆ ಮೇಯರ್ ಆಗಿದ್ದ ಕಲಬುರಗಿಯ ಡಾ. ನೀರಜ್ ಪಾಟೀಲ್ ಓಡಾಡಿ ಮಾಡಿಸಿದ ಪ್ರತಿಮೆ, 2015ರ ನವೆಂಬರಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಗ್ರೂಪ್ ಫೋಟೋ ಅಲ್ಲೇ ಮುಗಿಸಿ. ಸೇತುವೆ ದಾಟದೆ ಹಾಗೇ ಮುಂದೆ ಹೋಗಿ, ಬಲಗಡೆ ಉದ್ದಕ್ಕೂ ಒಂದು ಗೋಡೆ, ಅದರ ತುಂಬ ಕೈಯಲ್ಲೇ ಬರೆದ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಹೋದ ಒಬ್ಬೊಬ್ಬರಿಗೆ ಒಂದೊಂದು, ಎರಡು ಲಕ್ಷಕ್ಕೂ ಹೆಚ್ಚಿವೆ, ಕೆಲವದರೊಳಗೆ ಮನೆಯವರು ಹೆಸರು ಬರೆದಿದಾರೆ. ಪಾರ್ಲಿಮೆಂಟು ಸರಿಯಾಗಿ ಎದುರು ದಡದಲ್ಲಿ. ಇಲ್ಲಿ ಮಾತ್ರ ಹುಡುಗರಿಗೆ ರೀಲ್ಸ್ ಬೇಡ ಅಂತ ಹೇಳಿ.

ಆಮೇಲೆ ವೆಸ್ಟ್‌ಮಿನ್‌ಸ್ಟರ್ ಸೇತುವೆ, ಬಿಗ್ ಬೆನ್, ಪಾರ್ಲಿಮೆಂಟ್ ಚೌಕ. ಗಾಂಧೀಜಿ ಪ್ರತಿಮೆ ಇದೆ, ಅವರನ್ನ ಅರೆಬೆತ್ತಲೆ ಫಕೀರ ಅಂತ ಜರೆದಿದ್ದ ಚರ್ಚಿಲ್ಲೂ ಅದೇ ಚೌಕದಲ್ಲಿ ನಿಂತಿದಾನೆ, ಇಬ್ಬರನ್ನೂ ನೋಡ್ಕೊಂಡು ಬನ್ನಿ. ಇನ್ನೂ ಕಾಲು ನಡೆದ್ರೆ ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿ, ಪ್ರವೇಶ ಫ್ರೀ, ಟಾಯ್ಲೆಟ್ಟೂ ಫ್ರೀ (ಇದು ಸಣ್ಣ ವಿಷಯ ಅಲ್ಲ). 7 ಗಂಟೆಗೆ ಊಟ ಮಾಡಿ ಮಲಗಿಬಿಡಿ, ಹೇಗಿದ್ರೂ ಬೆಳಗಿನ ಜಾವ 3ಕ್ಕೆ ಎಚ್ಚರ ಆಗತ್ತೆ.

ಪ್ರಶ್ನೆ: ಅಲ್ಲಿ ಬಸ್ಸು, ಮೆಟ್ರೋಗೆ ಆಯ್ಸ್ಟರ್ ಕಾರ್ಡೇ ಬೇಕಾ? ನಮ್ಮ ಸರ್ ಕಾರ್ಡಲ್ಲೇ ಎಲ್ಲರೂ ಹೋಗಬಹುದಾ?
- ಒಬ್ಬ ಓದುಗ, ದಾವಣಗೆರೆ

ಉತ್ತರ: ಒಂದು ಕಾರ್ಡಿಗೆ ಒಬ್ರೇ. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ಇದ್ರೆ ಆಯ್ಸ್ಟರ್ ಬೇಡ, ಆದ್ರೆ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿಸಿ, ಬ್ಯಾಂಕ್ ಎಷ್ಟು ಚಾರ್ಜ್ ಹಾಕತ್ತೆ ಅಂತ ಇಲ್ಲೇ ಕೇಳ್ಕೊಳಿ. ಟ್ಯೂಬಲ್ಲಿ (ಅಲ್ಲಿನ ಮೆಟ್ರೋ) ಒಳಗೆ ಹೋಗುವಾಗ ಯಾವುದನ್ನ ತಾಗಿಸಿದ್ರೋ ಹೊರಗೆ ಬರುವಾಗಲೂ ಅದನ್ನೇ, ಹೋಗ್ತಾ ಕಾರ್ಡು ಬರ್ತಾ ಫೋನು ಅಂತ ಮಾಡಿದ್ರೆ ಜಾಸ್ತಿ ದುಡ್ಡು ಹೋಗತ್ತೆ. ಬಸ್ಸಲ್ಲಿ ಹತ್ತುವಾಗ ಮಾತ್ರ, ನಗದು 2014ರಿಂದಲೇ ತಗೊಳಲ್ಲ. ಎಸ್ಕಲೇಟರಲ್ಲಿ ಬಲಕ್ಕೆ ನಿಲ್ಲಿ, 20 ಜನ ಅಡ್ಡಡ್ಡ ನಿಂತ್ರೆ ಹಿಂದಿನೋರು ಸುಮ್ನಿರಲ್ಲ.

ಪ್ರಶ್ನೆ: ಟಿಪ್ಪುವಿನ ಹುಲಿ ಗೊಂಬೆ ಈಗಲೂ ಅಲ್ಲಿದೆಯಾ? ಶಬ್ದ ಮಾಡತ್ತಾ?
- ಒಬ್ಬ ಓದುಗ, ಮಂಡ್ಯ

ಉತ್ತರ: ಇದೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ಕೊಂಡು ಹೋಗಿದ್ದು. ಹತ್ರ ಹತ್ರ ಆರಡಿ ಉದ್ದದ ಮರದ ಹುಲಿ, ಕೆಳಗೆ ಬಿಳಿ ಸೋಲ್ಜರ್. ಹಿಡಿಕೆ ತಿರುಗಿಸಿದ್ರೆ ಅವನ ಕೈ ಏಳತ್ತೆ, ನರಳ್ತಾನೆ, ಹುಲಿ ಗುರುಗುಟ್ಟತ್ತೆ. ಹೊಟ್ಟೆ ಪಕ್ಕದ ಮುಚ್ಚಳದ ಹಿಂದೆ ಆರ್ಗನ್ ಕೀಲಿಗಳೂ ಇವೆ. ಆದ್ರೆ ಈಗ ಗಾಜಿನೊಳಗಿದೆ, ತಿರುಗಿಸೋಕೆ ಬಿಡಲ್ಲ. ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿಂದ ಸುರಂಗದಲ್ಲೇ ನಡೆದು ಹೋಗಬಹುದು, ಪ್ರವೇಶ ಫ್ರೀ. ಬೇರೆ ದಿನ ಸಂಜೆ 5.45ಕ್ಕೆ ಮುಚ್ಚತ್ತೆ, ಶುಕ್ರವಾರ ರಾತ್ರಿ 10ರವರೆಗೆ ತೆಗೆದಿರತ್ತೆ, ಅವತ್ತು ಸಂಜೆ ಮೇಲೆ ಹೋದ್ರೆ ಸ್ಕೂಲ್ ಮಕ್ಕಳ ನೂಕುನುಗ್ಗಲು ಇರಲ್ಲ.