ಕಾಗದ–ಮಸಿ: ಓದುಗರ ಪ್ರಶ್ನೆಗೆ ಹಳೆಯ ಪ್ರೆಸ್ಸಿನವನ ಉತ್ತರ

ಪ್ರಶ್ನೆ: ಸರ್, ಡಾಲಸ್‌ನಲ್ಲಿರುವ ನನ್ನ ಮಗನಿಗೆ ಪೋಕೆಮಾನ್ ಕಾರ್ಡುಗಳ ಹುಚ್ಚು. ಆಟ ಅಂಗಡಿಗೆ ಬರುವ ಮೊದಲು, ಆಡಿ ನೋಡುವುದಕ್ಕೆಂದು ಜಪಾನಿನಲ್ಲಿ ಮಾಡಿಕೊಂಡಿದ್ದ ಕಾರ್ಡು ಎಂದು ಒಂದನ್ನು ಕೊಳ್ಳಲು ಹೊರಟಿದ್ದಾನೆ. ಗ್ರೇಡಿಂಗ್ ಕಂಪನಿಯವರು ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿ ಮುಚ್ಚಿ ಹತ್ತಕ್ಕೆ 9 ಅಂಕ ಕೊಟ್ಟಿದ್ದಾರಂತೆ. ಬೆಲೆ ಕೇಳಿದರೆ ಒಂದು ಕಾರು ಬರುತ್ತದೆ. ನಂಬಬಹುದೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಅಂಕ ಕೊಡುವ ಕೆಲಸ ನಿಮಗೆ ಗೊತ್ತಿಲ್ಲದ್ದಲ್ಲ. ಪೇಪರು ಚೆನ್ನಾಗಿದೆ ಎಂದು 9 ಹಾಕುವುದು ಬೇರೆ, ಅದನ್ನು ಬರೆದವನು ಹಾಲ್ ಟಿಕೆಟ್ಟಿನ ಹುಡುಗನೇ ಎಂದು ನೋಡುವುದು ಬೇರೆ. ಆ 9 ಹೇಳುವುದು ಮೂಲೆ ಮೊಂಡಾಗಿಲ್ಲ, ಅಂಚು ಎದ್ದಿಲ್ಲ, ಮೈಮೇಲೆ ಗೀರಿಲ್ಲ, ಚಿತ್ರ ನಡುವೆ ಕೂತಿದೆ ಎಂಬುದನ್ನು ಮಾತ್ರ. ಪರೀಕ್ಷಾ ಮುದ್ರಣದ ಕಾರ್ಡಿಗೆ ಇದು ಎರಡನೆಯ ಮಾತು. ನಾಲ್ಕು ಜನ ಮೇಜಿನ ಮೇಲೆ ಹಾಕಿ ಆಡಿದ ಕಾರ್ಡು ತೀರಾ ಹೊಸದಾಗಿದ್ದರೆ ನನಗಂತೂ ಅನುಮಾನವೇ ಹೆಚ್ಚು.

ಅಂಗಡಿಯಲ್ಲಿ ಮಾರಿದ ಕಾರ್ಡಾದರೆ ಪಕ್ಕಕ್ಕಿಟ್ಟು ನೋಡಲು ಸಾವಿರಾರು ಜೊತೆಗಾರರಿರುತ್ತಾರೆ. ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1999ರಲ್ಲಿ ಅಮೆರಿಕಕ್ಕೆ ತಂದ ಇಂಗ್ಲಿಷ್ ಕಾರ್ಡಿನ ಅಂಚು ನೋಡಿದರೆ ನಡುಪದರದ ಕಪ್ಪು ಗೆರೆ ಕಾಣುತ್ತದೆ, ಮಕ್ಕಳೂ ಹಿಡಿಯಬಲ್ಲ ಗುರುತು ಅದು. ಪರೀಕ್ಷೆಯ ಕಾರ್ಡಿಗೆ ಅಂಥ ಗುರುತಿಲ್ಲ. ಆಫೀಸಿನಲ್ಲಿದ್ದ ಯಂತ್ರದಲ್ಲಿ ತೆಗೆದು ಕತ್ತರಿಸಿಕೊಂಡದ್ದು. ಹಾಗಾಗಿ ನೋಡಬೇಕಾದ್ದು ಕಾಗದ, ಮಸಿ, ಮತ್ತು ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು. ನೇರಳಾತೀತ ದೀಪ ಹಿಡಿದು ‘ಹೊಳೆಯುತ್ತಿಲ್ಲ, ಹಳೇ ಕಾಗದ’ ಎನ್ನುವವರನ್ನು ನಂಬಬೇಡಿ. ಕಾಗದವನ್ನು ಬೆಳ್ಳಗೆ ಹೊಳೆಸುವ ರಾಸಾಯನಿಕ, ಆಟ ಬಂದ 1996ಕ್ಕೆ ದಶಕಗಳ ಮೊದಲೇ ಬಳಕೆಯಲ್ಲಿತ್ತು.

ಈಗ ನಿಮ್ಮ ಮಗನಿಗೆ ಬೇಕಾದ ವಿಷಯ. 2024ರಲ್ಲಿ ಇಂಥ ಕಾರ್ಡುಗಳು ಸಾಲಾಗಿ ಮಾರಾಟಕ್ಕೆ ಬಂದವು. ಸಿಜಿಸಿ ಎಂಬ ಅಮೆರಿಕದ ಗ್ರೇಡಿಂಗ್ ಸಂಸ್ಥೆ ಅವನ್ನು ಅಸಲಿ ಎಂದು ಸ್ಲ್ಯಾಬಿಗೆ ಹಾಕಿತ್ತು. 2025ರ ಜನವರಿಯಲ್ಲಿ ಸಂಗ್ರಾಹಕರೇ ಸ್ಕ್ಯಾನ್‌ಗಳನ್ನು ಹಿಗ್ಗಿಸಿ ಕೂತು ನೋಡಿದಾಗ, ಕೆಲವು ಕಾರ್ಡುಗಳ ಮೇಲೆ ಬರಿಗಣ್ಣಿಗೆ ಕಾಣದ ಹಳದಿ ಚುಕ್ಕೆಗಳು ಸಿಕ್ಕವು. ಓದಿದರೆ ಮುದ್ರಣದ ವರ್ಷ 2024! ಆಟ ಜಪಾನಿನಲ್ಲಿ ಬಿಡುಗಡೆಯಾದದ್ದು 1996ರ ಅಕ್ಟೋಬರಿನಲ್ಲಿ.

ಈ ಚುಕ್ಕೆಗಳು ಕಾರ್ಡಿನವರು ಹಾಕಿದ್ದಲ್ಲ, ಪ್ರಿಂಟರು ತಾನೇ ಹಾಕುವುದು. ಬಣ್ಣದ ಜೆರಾಕ್ಸ್ ಬಂದಾಗ ಖೋಟಾನೋಟಿನ ಭಯಕ್ಕೆ ಕಂಪನಿಗಳು 1980ರ ದಶಕದಲ್ಲೇ ಶುರುಮಾಡಿದ ಏರ್ಪಾಡು. ಪ್ರತಿ ಹಾಳೆಯಲ್ಲೂ ಯಂತ್ರದ ಕ್ರಮಸಂಖ್ಯೆ, ಹಲವು ಮಾದರಿಗಳಲ್ಲಿ ತಾರೀಖು, ಗಂಟೆ ಕೂಡ. 2005ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಅಮೆರಿಕದ ಡಿಜಿಟಲ್ ಹಕ್ಕುಗಳ ಸಂಸ್ಥೆ ಜೆರಾಕ್ಸ್ ಕಂಪನಿಯ ಒಂದು ಪ್ರಿಂಟರ್ ಮಾದರಿಯ ಚುಕ್ಕೆಗಳನ್ನು ಬಿಡಿಸಿ ಓದುವ ಬಗೆಯನ್ನು ಪ್ರಕಟಿಸಿತು. ಇಷ್ಟು ವರ್ಷ ಎಲ್ಲರ ಕಣ್ಣೆದುರಿಗಿದ್ದ ವಿದ್ಯೆ ಕಾರ್ಡಿನ ಪರೀಕ್ಷಕರಿಗೆ ತಡವಾಗಿ ತಲುಪಿತು. ಪ್ರೆಸ್ಸಿನ ಹುಡುಗನೊಬ್ಬನನ್ನು ಕೂರಿಸಿಕೊಂಡಿದ್ದರೆ ಸಾಕಿತ್ತು ಅಂತ ನನಗನಿಸುತ್ತದೆ.

ಮಗನಿಗೆ ಹೇಳಿ: ಸ್ಲ್ಯಾಬ್ ಒಡೆಯುವುದು ಬೇಡ, ಒಡೆದರೆ ಸಂಸ್ಥೆಯನ್ನು ಕೇಳುವ ದಾರಿಯೇ ಮುಚ್ಚಿಹೋದೀತು. ಮಾರುವವರಿಂದ ಎರಡೂ ಬದಿಯ 1200 ಡಿಪಿಐ ಸ್ಕ್ಯಾನ್ ತರಿಸಿಕೊಂಡು, ಫೋಟೋ ತಿದ್ದುವ ತಂತ್ರಾಂಶದಲ್ಲಿ ನೀಲಿ ಚಾನೆಲ್ ಒಂದನ್ನೇ ತೆರೆದರೆ ಹಳದಿ ಚುಕ್ಕೆ ಕಪ್ಪಾಗಿ ಏಳುತ್ತದೆ. ಖುದ್ದಾಗಿ ನೋಡುವುದಾದರೆ ನೀಲಿ ಎಲ್‌ಇಡಿ ಟಾರ್ಚು, ಒಳ್ಳೆಯ ಭೂತಗನ್ನಡಿ. ಚುಕ್ಕೆ ಇದ್ದ ಮಾತ್ರಕ್ಕೆ ನಕಲಿಯಲ್ಲ, 1996ರ ಯಂತ್ರವೂ ಹಾಕಿರಬಹುದು, ಅದರಲ್ಲಿನ ತಾರೀಖು ಮುಖ್ಯ. ಚುಕ್ಕೆ ಇಲ್ಲದಿದ್ದರೆ ಅಸಲಿ ಎಂದೂ ಅಲ್ಲ. ಎಷ್ಟೋ ಪ್ರಿಂಟರುಗಳು ಚುಕ್ಕೆ ಹಾಕುವುದೇ ಇಲ್ಲ. ಸ್ಕ್ಯಾನ್ ಕೊಡಲು ಮಾರುವವರು ಸಬೂಬು ಹೇಳಿದರೆ ಮಾತುಕತೆ ಅಲ್ಲಿಗೇ ನಿಲ್ಲಿಸಲಿ.

ಪ್ರಶ್ನೆ: ಹಿಂಬದಿ ಖಾಲಿ ಇರುವ ಕಾರ್ಡು ನಕಲಿ ಎನ್ನುತ್ತಾರೆ. ನಿಜವೇ?
– ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಹಾಗೆ ಹೇಳಲಾಗದು. ಇಂಗ್ಲಿಷ್ ಆವೃತ್ತಿ ಹೇಗಿರುತ್ತದೆಂದು ತೋರಿಸಲು ವಿಝರ್ಡ್ಸ್‌ನವರು 1998ರಲ್ಲಿ ಮಾಡಿಸಿದ ಬ್ಲಾಸ್ಟಾಯ್ಸ್ ಎಂಬ ಪೋಕೆಮಾನ್ ಪಾತ್ರದ ಕಾರ್ಡಿನ ಹಿಂಬದಿಯೂ ಖಾಲಿಯೇ. 2021ರ ಜನವರಿಯಲ್ಲಿ ಹೆರಿಟೇಜ್ ಹರಾಜಿನಲ್ಲಿ ಅದು ಹೋದದ್ದು 3,60,000 ಡಾಲರಿಗೆ, ಗ್ರೇಡ್ ಬರೀ 8.5. ಆದರೆ ಮನೆಯ ಪ್ರಿಂಟರಿನಲ್ಲಿ ತೆಗೆದದ್ದಕ್ಕೂ ಹಿಂಬದಿ ಖಾಲಿಯೇ ಇರುತ್ತದಲ್ಲಪ್ಪಾ! ಭೂತಗನ್ನಡಿಯಲ್ಲಿ ಮುಂಬದಿ ನೋಡು. ಪ್ರೆಸ್ಸಿನ ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣದ ಡಾಟ್‌ಗಳು ಹೂವಿನ ಹಾಗೆ ಕ್ರಮವಾಗಿ ಕೂತಿರುತ್ತವೆ, ಕಪ್ಪಕ್ಷರ ಒಂದೇ ಮಸಿಯಲ್ಲಿ ಚೂಪಾಗಿರುತ್ತದೆ. ಲೇಸರ್ ಆದರೆ ಅಕ್ಷರದ ಸುತ್ತ ಪುಡಿ ಚೆಲ್ಲಿರುತ್ತದೆ, ಇಂಕ್‌ಜೆಟ್ಟಿನಲ್ಲಿ ಮಸಿ ಕಾಗದದ ನಾರಿಗೆ ಹರಡಿರುತ್ತದೆ.

ಪ್ರಶ್ನೆ: ನನ್ನ ಬಳಿಯ ಕಾರ್ಡೊಂದರಲ್ಲಿ ಹಳದಿ ಬಣ್ಣವೇ ಇಲ್ಲ. ಇದು ಪರೀಕ್ಷಾ ಮುದ್ರಣವೇ?
– ಗೃಹಿಣಿ, ಮೈಸೂರು

ಉತ್ತರ: ಕಿಟಕಿಯ ಪಕ್ಕ ಇಟ್ಟಿದ್ದಿರಾ ತಾಯಿ? ಬಿಸಿಲಿಗೆ ಮೊದಲು ಹೋಗುವುದು ಸಾಮಾನ್ಯವಾಗಿ ಹಳದಿ ಮತ್ತು ಕೆಂಪು. ಭೂತಗನ್ನಡಿಯಲ್ಲಿ ಹಳದಿ ಡಾಟ್‌ಗಳ ಮಂಕು ಗುರುತು ಉಳಿದಿದ್ದರೆ ಬಿಸಿಲಿನ ಕೆಲಸ. ಒಂದೂ ಕಾಣದಿದ್ದರೆ ಹಳದಿ ಪ್ಲೇಟು ಒತ್ತದೇ ಹೋದ ವೇಸ್ಟೇಜ್ ಹಾಳೆ ಇರಬಹುದು. ಅದಕ್ಕೂ ಕೊಳ್ಳುವವರಿದ್ದಾರೆ, ಪರೀಕ್ಷಾ ಮುದ್ರಣ ಎಂದು ಮಾತ್ರ ಮಾರಬೇಡಿ.