ಅಭ್ಯಾಸದ ಬೀಗಕ್ಕೆ ಮೊದಲು ಒಂದೇ ಒಂದು ಸ್ಪೂಲ್ ಪಿನ್ ಹಾಕಿ

ಅಭ್ಯಾಸದ ಪಾರದರ್ಶಕ ಬೀಗವನ್ನು ಈಗ ಕೀಲಿಯಿಲ್ಲದೆ ಅರ್ಧ ನಿಮಿಷದಲ್ಲಿ ತೆಗೆಯುತ್ತೇನೆ, ಹಾಗೆ ತೆಗೆಯುವುದನ್ನು ಕಷ್ಟವಾಗಿಸುವ ಸೆಕ್ಯುರಿಟಿ ಪಿನ್ನುಗಳ ಪೊಟ್ಟಣ ತರಿಸಿದ್ದೇನೆ, ಆರಕ್ಕೆ ಆರೂ ಹಾಕಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಹಾಗೆಯೇ ಮಾಡಿ ಎರಡು ತಿಂಗಳು ಕಳೆದುಕೊಂಡೆ. ಬೀಗ ತೆರೆಯದಿದ್ದಾಗ ಯಾವ ಪಿನ್ ತಡೆಯಿತು, ಕೈ ಎಲ್ಲಿ ತಪ್ಪಿತು, ಒಂದೂ ತಿಳಿಯುತ್ತಿರಲಿಲ್ಲ.

ಆ ಪೊಟ್ಟಣದಿಂದ ಒಂದೇ ಸ್ಪೂಲ್ ಪಿನ್ ಹಾಕಿ, ಮೂರನೆಯ ತೂತಿಗೆ. ಉಳಿದ ಐದೂ ಸಾದಾ ಪಿನ್ನುಗಳೇ ಇರಲಿ. ಸ್ಪೂಲ್ ಕೂರಬೇಕಾದದ್ದು ಸ್ಪ್ರಿಂಗಿನ ಕೆಳಗೆ, ಕೀಲಿಗೆ ತಾಗುವ ಪಿನ್ನಿನ ಮೇಲೆ. ಅದರ ಆಕಾರ ನೋಡಿ, ಡಮರುವಿನ ಹಾಗೆ: ನಡು ಸಣ್ಣ, ತುದಿ ಎರಡೂ ದಪ್ಪ. ನೀವು ಪಿಕ್ಕಿನಿಂದ (ಪಿನ್ ಎತ್ತುವ ಕಡ್ಡಿ) ಎತ್ತುತ್ತಾ ಹೋದಂತೆ ಆ ಸಣ್ಣ ನಡು, ಪ್ಲಗ್ಗೂ (ಕೀಲಿಯ ಜೊತೆ ತಿರುಗುವ ಒಳಗಿನ ಉರುಳೆ) ಬೀಗದ ಮೈಯೂ ಸೇರುವ ಗೆರೆಗೆ ಬರುತ್ತದೆ. ಅಲ್ಲಿ ಸಂದಿ ಸಿಕ್ಕಿದ್ದೇ ಪ್ಲಗ್ ಕೆಲವು ಡಿಗ್ರಿ ತಿರುಗಿ ನಿಲ್ಲುತ್ತದೆ. ತೆರೆಯಿತು ಅನ್ನಿಸುತ್ತದೆ, ತೆರೆದಿರುವುದಿಲ್ಲ. ಕೆಳಗಿನ ದಪ್ಪ ತುದಿ ಇನ್ನೂ ಪ್ಲಗ್ಗಿನೊಳಗೇ ಸಿಕ್ಕಿಕೊಂಡಿರುತ್ತದೆ. ಇದನ್ನೇ ಫಾಲ್ಸ್ ಸೆಟ್ ಅನ್ನುತ್ತಾರೆ.

ಈ ಹಂತದಲ್ಲಿ ಗಾಬರಿಯಾಗಿ ಜೋರಾಗಿ ತಿರುಗಿಸಬೇಡಿ. ಒಂದೊಂದೇ ಪಿನ್ನನ್ನು ಮೆಲ್ಲಗೆ ಒತ್ತುತ್ತಾ ಬನ್ನಿ. ಸ್ಪೂಲಿನ ಕೆಳಗಿನ ಪಿನ್ ಒತ್ತಿದಾಗ ಮಾತ್ರ ಟೆನ್ಷನ್ ಕಡ್ಡಿ (ಪ್ಲಗ್ಗನ್ನು ತಿರುಗಿಸಲು ಹಿಡಿದಿರುವ ಕಡ್ಡಿ) ನಿಮ್ಮ ಬೆರಳನ್ನು ಹಿಂದಕ್ಕೆ ತಳ್ಳುತ್ತದೆ. ನೀವು ಕಲಿಯಬೇಕಾದದ್ದು ಆ ತಳ್ಳುವಿಕೆಯನ್ನೇ. ಅದು ಕೇಳಿದಷ್ಟು ಮಾತ್ರ ಬೆರಳನ್ನು ಸಡಿಲಿಸಿ, ಪ್ಲಗ್ ಹಿಂದಕ್ಕೆ ಬರಲು ಬಿಡಿ, ಪಿಕ್ಕನ್ನು ಒತ್ತಿಯೇ ಇರಿ. ದಪ್ಪ ತುದಿ ಗೆರೆ ದಾಟಿ ಮೇಲೆ ಹೋದಾಗ ಸಣ್ಣ ಸದ್ದು ಬರುತ್ತದೆ. ಸಡಿಲಿಸಿದ್ದು ಹೆಚ್ಚಾದರೆ ಆಗಲೇ ಕೂತಿದ್ದ ಸಾದಾ ಪಿನ್ ಒಂದೆರಡು ಕೆಳಗೆ ಬೀಳಬಹುದು. ಬೀಳಲಿ. ಅವನ್ನು ಮತ್ತೆ ಎತ್ತಿದರಾಯಿತು, ಮೊದಲಿನಿಂದ ಶುರು ಮಾಡಬೇಕಿಲ್ಲ.

ಪಾರದರ್ಶಕ ಬೀಗದ ಮೇಲೆ ಬಟ್ಟೆ ಸುತ್ತಿ. ಕಣ್ಣು ತೆರೆದಿದ್ದರೆ ಕಲಿಯುವುದು ಕಣ್ಣು, ಬೆರಳಲ್ಲ. ಇಂಥ ಬೀಗಗಳ ತೂತುಗಳೂ ಸಾಮಾನ್ಯವಾಗಿ ಸಡಿಲ, ಹಾಗಾಗಿ ಬೇಗನೆ ಇಂಥದೇ ಪಿನ್ನುಗಳಿರುವ ಒಂದು ಹಿತ್ತಾಳೆಯ ಬೀಗಕ್ಕೆ ಹೋಗಿ. ಕೊಳ್ಳುವಾಗ ಎಚ್ಚರ: ನಮ್ಮಲ್ಲಿ ಮನೆಮನೆಗೂ ಇರುವ ಗೋದ್ರೆಜ್ ನವ್‌ತಾಲ್ ಲಿವರ್ ಬೀಗ, ಅದರಲ್ಲಿ ಇಂಥ ಪಿನ್ನುಗಳೇ ಇಲ್ಲ. ಕಾರ್ಖಾನೆಯಿಂದಲೇ ಸ್ಪೂಲ್ ಹಾಕಿ ಬರುವ ಬೀಗ ಬೇಕೆಂದರೆ ಮಾಸ್ಟರ್ ಲಾಕ್ 140 ಒಳ್ಳೆಯ ಮುಂದಿನ ಮೆಟ್ಟಿಲು. ಅಮೆರಿಕನ್ ಲಾಕ್ 1100ಕ್ಕೆ ಈಗಲೇ ಕೈ ಹಾಕಬೇಡಿ, ಅದರಲ್ಲಿ ಸೆರೇಟೆಡ್ ಪಿನ್ನುಗಳಿರುತ್ತವೆ. ಸ್ಕ್ರೂವಿನ ಮೈಯಂತೆ ಸಾಲುಸಾಲಾಗಿ ಗೀರು, ಒಂದೊಂದು ಗೀರೂ ಕೂತೆ ಎಂದು ಸದ್ದು ಮಾಡಿ ನಂಬಿಸುತ್ತದೆ. ಅದಕ್ಕೆ ಕೈ ಇನ್ನೂ ಹಗುರವಾಗಬೇಕು.

ಪಿನ್ ಬದಲಿಸುವ ಮೊದಲು ಹಳೆಯದರ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆಯಿರಿ. ಅಮೆರಿಕದ ಬೀಗಗಳಲ್ಲಿ ಹೆಚ್ಚಾಗಿ 0.115 ಇಂಚು, ಅಂದರೆ ಸುಮಾರು 2.9 ಮಿಲಿಮೀಟರ್. ಪ್ಲಗ್ ಹೊರತೆಗೆಯುವಾಗ ಪ್ಲಗ್ಗಿನಷ್ಟೇ ದಪ್ಪದ ಗುಂಡನೆಯ ಕೋಲನ್ನು ಹಿಂದಿನಿಂದ ತಳ್ಳುತ್ತಾ ಬನ್ನಿ. ಇಲ್ಲದಿದ್ದರೆ ಸ್ಪ್ರಿಂಗುಗಳು ಹಾರಿಹೋಗುತ್ತವೆ, ಹುಡುಕಿ ಸಾಕಾಗುತ್ತದೆ. ಕೆಲಸವನ್ನು ಅಂಚಿರುವ ತಟ್ಟೆಯಲ್ಲೇ ಮಾಡಿ.

ಮನೆ ಬಾಗಿಲಿನಲ್ಲಿ ಬಳಕೆಯಲ್ಲಿರುವ ಬೀಗದ ಮೇಲೆ ಇದನ್ನೆಲ್ಲ ಮಾಡಬೇಡಿ, ಇನ್ನೊಬ್ಬರ ಬೀಗವಂತೂ ಮುಟ್ಟಲೇಬೇಡಿ. ನಿಮ್ಮದೇ, ಮೇಜಿನ ಮೇಲಿರುವ, ಯಾವುದನ್ನೂ ಕಾಯದ ಬೀಗ ಮಾತ್ರ.

ಬಟ್ಟೆ ಸುತ್ತಿದ ಬೀಗ ಸತತ ಹತ್ತು ಸಲ ತೆರೆದರೆ ಸ್ಪೂಲನ್ನು ಐದನೆಯ ತೂತಿಗೆ ಬದಲಿಸಿ, ಆಮೇಲೆ ಎರಡನೆಯ ಸ್ಪೂಲ್ ಸೇರಿಸಿ. ತೆರೆದ ಖುಷಿಯಲ್ಲಿ ಪ್ಲಗ್ಗನ್ನು ಪೂರ್ತಿ 180 ಡಿಗ್ರಿ ತಿರುಗಿಸಬೇಡಿ. ಕೀಲಿ ಸಂದಿಯ ತಳ ಮೇಲಕ್ಕೆ ಬಂದು ಮೇಲಿನ ಪಿನ್ನುಗಳು ಅದರೊಳಗೆ ಇಳಿದರೆ ಪ್ಲಗ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.