ಸಂಪಾದಕರ ಉತ್ತರ: ಶೇಡಿ ಮಣ್ಣಿನ ಪಾಠ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಭೂವಿಜ್ಞಾನ ಪ್ರಾಧ್ಯಾಪಕರೊಬ್ಬರ ಪರಿಚಯ ಲೇಖನವನ್ನು ಓದಿ ಶಿರಸಿಯಿಂದ ತಾವು ಬರೆದ ಪತ್ರ ತಲುಪಿದೆ. ಕಲ್ಲು, ಖನಿಜಗಳ ಸಂಶೋಧನೆ ಮಾಡಬೇಕಾದವರು ರಸ್ತೆ, ಗುಡ್ಡ, ಪರಿಸರ ಎಂದು ಏಕೆ ಮಾತನಾಡಬೇಕು, ವಿದ್ಯಾರ್ಥಿಗಳನ್ನು ತರಗತಿಯಿಂದ ಎಬ್ಬಿಸಿ ಗುಡ್ಡದ ಬುಡದಲ್ಲಿ ಏಕೆ ನಿಲ್ಲಿಸಬೇಕು ಎಂಬುದು ತಮ್ಮ ಆಕ್ಷೇಪ. ಮನೆಯ ಮೇಲಿನ ಬೆಟ್ಟದಲ್ಲಿ ಈ ವರ್ಷ ಇಂಗುಗುಂಡಿ ತೆಗೆಸುವ ವಿಚಾರವನ್ನೂ ತಾವು ಬರೆದಿರುವುದರಿಂದ ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಲು ಮನಸ್ಸು ಬರಲಿಲ್ಲ.

ಆ ಲೇಖನಕ್ಕಾಗಿ ಕುಮಟಾ ಸಮೀಪದ ಗುಡ್ಡವೊಂದಕ್ಕೆ ಅವರ ವಿದ್ಯಾರ್ಥಿಗಳ ಜೊತೆ ನಾನೂ ಹೋಗಿದ್ದೆ. ಕಡಿದು ನಿಲ್ಲಿಸಿದ ಧರೆಯಲ್ಲಿ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ನೆಟ್ಟ ಗೋಡೆಯಲ್ಲಿ, ಮೇಲೆ ತೂತುತೂತಾದ ಕೆಂಪು ಚಿರೇಕಲ್ಲು, ಅದರ ಕೆಳಗೆ ಬಿಳುಪಿಗೆ ನಸುಗೆಂಪು ಬೆರೆತ ಶೇಡಿ ಮಣ್ಣು ಕಾಣುತ್ತಿತ್ತು. ಪ್ರಾಧ್ಯಾಪಕರು ಎರಡರಿಂದಲೂ ಒಂದೊಂದು ಒಣ ಹೆಂಟೆಯನ್ನು ತೆಗೆಸಿ, ನೀರು ತುಂಬಿದ ಎರಡು ಗಾಜಿನ ಲೋಟಗಳಲ್ಲಿ ಹಾಕಿಸಿದರು. ಚಿರೇಕಲ್ಲು ಇದ್ದಂತೆಯೇ ಇತ್ತು. ಉಗುರಿನಿಂದ ಕೆರೆದರೂ ಜಗ್ಗದಿದ್ದ ಶೇಡಿಯ ಹೆಂಟೆ ಮಾತ್ರ ಸಣ್ಣ ಸಣ್ಣ ಗುಳ್ಳೆಗಳನ್ನು ಬಿಡುತ್ತಾ, ಅಂಚಿನಿಂದ ಪದರು ಪದರಾಗಿ ಕಳಚುತ್ತಾ, ನಾವು ನೋಡುತ್ತಿದ್ದಂತೆಯೇ ತಳದಲ್ಲಿ ಕೆಸರಾಗಿ ಕುಳಿತಿತು. ಅಂದಿನ ಪಾಠ ಅಷ್ಟೇ.

ಅಸಂಖ್ಯ ಮಳೆಗಾಲಗಳ ನೀರು ಬಂಡೆಯೊಳಗಿನ ಸಿಲಿಕಾವನ್ನು ಕರಗಿಸಿ ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳನ್ನು ಉಳಿಸಿದಾಗ ಆಗುವುದೇ ಚಿರೇಕಲ್ಲು. (ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೂ ಹಾದುಹೋಗಿದ್ದ, ಆದರೆ ಹೆಸರು ಕೊಟ್ಟದ್ದು ಮಲಬಾರಿನ ಅಂಗಡಿಪುರದಲ್ಲಿ ಕಂಡ ಕಲ್ಲಿಗೆ.) ಈ ಕಲ್ಲಿನ ತೂತುಗಳಲ್ಲಿ ಇಳಿದ ಮಳೆನೀರು ಕೆಳಗಿನ ಶೇಡಿಯನ್ನು ನೆನೆಸುತ್ತದೆ; ನೆನೆದ ಶೇಡಿ ತೂಕ ಹೆಚ್ಚಿಸಿಕೊಂಡು ಬಿಗಿ ಕಳೆದುಕೊಳ್ಳುತ್ತದೆ. ಅಂಥ ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಭಾರಕ್ಕೆ ಆಧಾರವೇ ಉಳಿಯುವುದಿಲ್ಲ. ಹೀಗಿರುವಾಗ ರಸ್ತೆಯ ಮಾತು ಭೂವಿಜ್ಞಾನದ ಹೊರಗಿನದು ಎಂದು ನನಗೆ ಅನ್ನಿಸುವುದಿಲ್ಲ. 2009ರಲ್ಲಿ ಕಾರವಾರದ ಕಡವಾಡ, 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು, ಈ ಊರುಗಳಲ್ಲಿ ಗುಡ್ಡಗಳು ಕುಸಿದವು. ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಗಂಗಾವಳಿ ನದಿಗೆ ಜಾರಿದ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆಯ ಮನೆಗಳನ್ನೂ ಕೆಡವಿತು; ಮಣ್ಣಿನೊಡನೆ ನದಿಗೆ ಬಿದ್ದ ಲಾರಿ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ. ಗುಡ್ಡದ ಒಳಗನ್ನು ಓದಬಲ್ಲವರು ಇದನ್ನೆಲ್ಲ ಕಂಡೂ ಸುಮ್ಮನಿದ್ದಿದ್ದರೆ ಅವರ ಬಗ್ಗೆ ಲೇಖನ ಬರೆಸುವ ಮನಸ್ಸು ನನಗೆ ಬರುತ್ತಿರಲಿಲ್ಲ.

ಇನ್ನು ತಮ್ಮ ಇಂಗುಗುಂಡಿಯ ವಿಚಾರ. ನೀರಿಂಗಿಸುವುದನ್ನು ನಮ್ಮ ಪತ್ರಿಕೆಯೂ ಬೆಂಬಲಿಸುತ್ತಾ ಬಂದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಗ್ಗು ಇಳಿಜಾರಿನಲ್ಲಿ ಬಾವಿ ತುಂಬಿಸುವ ಗುಂಡಿಯೇ, ಕಡಿದಾದ ಇಳಿಜಾರಿನ ದಪ್ಪ ಮಣ್ಣಿನ ಮೇಲೆ ತೆಗೆದಾಗ ಕುಸಿತಕ್ಕೆ ದಾರಿ ಮಾಡಬಹುದು. ಆದ್ದರಿಂದ ಗುಂಡಿ ತೆಗೆಸುವ ಮೊದಲು ಬೆಟ್ಟದ ಮೇಲ್ಭಾಗದಲ್ಲಿ ನೆಲ ಎಲ್ಲಿಯಾದರೂ ಉದ್ದಕ್ಕೆ ಸೀಳಿದೆಯೇ, ಮರಗಳು ಇತ್ತೀಚೆಗೆ ವಾಲಿವೆಯೇ, ಮಳೆಗಾಲದಲ್ಲಿ ಹೊಸ ಜಾಗದಲ್ಲಿ ಒರತೆ ಎದ್ದು ಕೆಂಪು ನೀರು ಬಂದಿತ್ತೇ ಎಂಬುದನ್ನು ದಯವಿಟ್ಟು ನೋಡಿ. ಹಾಗೆಯೇ ಮನೆಯ ಹಿಂದಿನ ಧರೆಯಿಂದ ಒಂದು ಹೆಂಟೆಯನ್ನು ತೆಗೆದು, ಚೆನ್ನಾಗಿ ಒಣಗಿಸಿ, ನೀರಿನ ಲೋಟದಲ್ಲಿ ಹಾಕಿ. ಅದು ಕರಗಿದರೆ ಗುದ್ದಲಿ ಕೆಳಗಿಟ್ಟು ನಮಗೊಂದು ಕಾಗದ ಬರೆಯಿರಿ. ಪ್ರಾಧ್ಯಾಪಕರನ್ನು ಶಿರಸಿಗೆ ಕರೆತರುವ ಹೊಣೆ ನನ್ನದು.

— ಸಂಪಾದಕ